ಸ್ಯಾನ್ ಡಿಯಾಗೋ ಗೃಹಪ್ರವೇಶಕ್ಕೆ ನಾನೇ ವಿಮಾನ ಹಾರಿಸಿಕೊಂಡು ಹೋಗಲಾ, ಟಿಕೆಟ್ ತಗೊಳ್ಳಲಾ?

ಪ್ರಶ್ನೆ: ಹೊಸರೆಕ್ಕೆ

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ನನಗೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಬಂತು. ಒಟ್ಟು 71 ಗಂಟೆ ಹಾರಿಸಿದ್ದೇನೆ. ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಮೋಡದೊಳಗೆ ಉಪಕರಣ ನೋಡಿಕೊಂಡೇ ಹಾರಿಸುವ ಅನುಮತಿ, ಇನ್ನೂ ಇಲ್ಲ. ಮನೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ, ವಿಮಾನ ಲಿವರ್‌ಮೋರಿನ ಕ್ಲಬ್ಬಿನದು, ಸೆಸ್ನಾ 172.

ಜೂನ್ ಎರಡನೇ ಭಾನುವಾರ ಸ್ಯಾನ್ ಡಿಯಾಗೋದಲ್ಲಿ ತಂಗಿಯ ಹೊಸ ಮನೆ ಗೃಹಪ್ರವೇಶ. ಅಪ್ಪ ಅಮ್ಮ ದಾವಣಗೆರೆಯಿಂದ ಬಂದಿದ್ದಾರೆ. ನಾನು, ಹೆಂಡತಿ, ಅಪ್ಪ, ಅಮ್ಮ. ನಾಲ್ಕು ಸೀಟು, ನಾಲ್ಕು ಜನ. ಶನಿವಾರ ಬೆಳಗ್ಗೆ ಹೊರಟು ಭಾನುವಾರ ಸಂಜೆ ವಾಪಸ್ ಬರಬೇಕು, ಸೋಮವಾರ ಆಫೀಸಿದೆ. ನಮ್ಮೆಲ್ಲರ ತೂಕ ಅಂದಾಜು 630 ಪೌಂಡ್, ಬ್ಯಾಗು 50.

ಮಗ ಹಾರಿಸುವ ವಿಮಾನದಲ್ಲಿ ಕೂರಬೇಕು ಅಂತ ಅಪ್ಪನಿಗೆ ತುಂಬಾ ಆಸೆ. ಹೆಂಡತಿ ಮಾತ್ರ ಸುಮ್ನೆ ಟಿಕೆಟ್ ತಗೋ ಅನ್ನುತ್ತಿದ್ದಾಳೆ. ಏರ್‌ಪೋರ್ಟಿನ ಪಾರ್ಕಿಂಗ್, ಸೆಕ್ಯುರಿಟಿ ಸಾಲು, ಕಾಯುವುದು ಎಲ್ಲ ಸೇರಿಸಿದರೆ ಸಮಯ ಒಂದೇ ಆಗುತ್ತೆ ಅಲ್ವಾ? ಹೀಗೆ ಹೋಗಿ ಬಂದವರು ಇದ್ದರೆ ದಯವಿಟ್ಟು ಹೇಳಿ.

ಉತ್ತರ: ಜಕ್ಕೂರುಹುಡುಗ

ಮೊದಲು ಅಭಿನಂದನೆ. ನಾನು ಯಲಹಂಕದವನು. ಹೈಸ್ಕೂಲಿನಲ್ಲಿದ್ದಾಗ ಜಕ್ಕೂರಿನ ಫ್ಲೈಯಿಂಗ್ ಸ್ಕೂಲಿನ ಕಾಂಪೌಂಡಿಗೆ ಸೈಕಲ್ ಒರಗಿಸಿ, ಸಣ್ಣ ವಿಮಾನಗಳು ಏರಿ ಇಳಿಯುವುದನ್ನು ನೋಡುತ್ತಾ ನಿಂತುಬಿಡುತ್ತಿದ್ದೆ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಬೇಕು ಅನ್ನುವ ಆಸೆ ಏನು ಅಂತ ನನಗೆ ಗೊತ್ತು. ಆದರೂ ಹೇಳುತ್ತೇನೆ, ಈ ಸಲ ಟಿಕೆಟ್ ತಗೊಳ್ಳಿ.

ತೂಕದ ಲೆಕ್ಕ ನೋಡಿ. ಜನ, ಸಾಮಾನು, ಪೆಟ್ರೋಲು ಎಲ್ಲ ಸೇರಿ ನಾನು ಬಾಡಿಗೆಗೆ ತೆಗೆದುಕೊಳ್ಳುವ ಸೆಸ್ನಾ 172 ಹೊರುವುದು 860 ಪೌಂಡ್. ನಿಮ್ಮದೂ ಹೆಚ್ಚುಕಡಿಮೆ ಅಷ್ಟೇ ಇರುತ್ತೆ, ಅದರ ಪುಸ್ತಕದಲ್ಲಿ ನೋಡಿಕೊಳ್ಳಿ. ನೀವು ನಾಲ್ವರು ಮತ್ತು ಬ್ಯಾಗು 680. ಉಳಿದಿದ್ದು 180 ಪೌಂಡ್. ಗ್ಯಾಲನ್ನಿಗೆ 6 ಪೌಂಡ್ ಅಂದರೆ 30 ಗ್ಯಾಲನ್. ಗಂಟೆಗೆ ಸುಮಾರು 9 ಗ್ಯಾಲನ್ ಕುಡಿಯುತ್ತೆ. ಲಿವರ್‌ಮೋರಿನಿಂದ ಸ್ಯಾನ್ ಡಿಯಾಗೋದ ಮಾಂಟ್ಗೊಮರಿ ಫೀಲ್ಡ್ ಏರ್‌ಪೋರ್ಟಿಗೆ ಮೂರೂವರೆ ಗಂಟೆ ಹಿಡಿಯಿರಿ, 31 ಗ್ಯಾಲನ್ ಮೇಲಾಯಿತು. ಹಗಲಲ್ಲಿ ಅರ್ಧ ಗಂಟೆಯ ಪೆಟ್ರೋಲು ಕೈಯಲ್ಲಿ ಉಳಿಯಲೇಬೇಕು ಅನ್ನುವ ನಿಯಮ ಬೇರೆ ಇದೆ. ಅಂದರೆ ಮಧ್ಯೆ ಎಲ್ಲಾದರೂ ಇಳಿದು ತುಂಬಿಸಿಕೊಳ್ಳಲೇಬೇಕು. ನಾಲ್ಕು ಸೀಟಿದೆ ಅಂದಮಾತ್ರಕ್ಕೆ ನಾಲ್ಕು ಜನ ದೊಡ್ಡವರು ದೂರ ಹೋಗಬಹುದು ಅಂತಲ್ಲ. ಇನ್ನೊಂದು ಮಾತು, ತೂಕದಲ್ಲಿ ಅಂದಾಜು ಬೇಡ. ಬಟ್ಟೆ, ಶೂ ಹಾಕಿಸಿ ಒಬ್ಬೊಬ್ಬರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿ.

ಸಮಯ? ಲಿವರ್‌ಮೋರಿಗೆ ಹೋಗುವುದು, ವಿಮಾನ ಸುತ್ತ ತಪಾಸಣೆ, ಹಾರುವುದು, ಮಧ್ಯೆ ನಿಲ್ಲುವುದು ಎಲ್ಲ ಸೇರಿ ಐದೂವರೆ ಗಂಟೆ. ಸ್ಯಾನ್ ಹೋಸೆಯಿಂದ ಜೆಟ್ ಒಂದೂವರೆ ಗಂಟೆ, ಮನೆಯಿಂದ ಎರಡೂವರೆ ಗಂಟೆ ಮೊದಲೇ ಹೊರಟರೂ ನಾಲ್ಕು. ನಮ್ಮ ಕ್ಲಬ್ಬಿನಲ್ಲಿ ಗಂಟೆಗೆ 190 ಡಾಲರ್ ಬಾಡಿಗೆ. ಹೋಗಿ ಬರಲು ಏಳು ಗಂಟೆ ಹಾರಿದರೆ 1,330 ಡಾಲರ್.

ಆದರೆ ನನ್ನ ಚಿಂತೆ ದುಡ್ಡಿನದಲ್ಲ. 2016ರ ಜೂನಿನಲ್ಲಿ ನನಗಾಗಿದ್ದನ್ನು ಹೇಳುತ್ತೇನೆ. ಆಗ 140 ಗಂಟೆ ಹಾರಿಸಿದ್ದೆ, ನಿಮ್ಮ ಹಾಗೆಯೇ ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲಿಲ್ಲ. ಸ್ಯಾನ್ ಡಿಯಾಗೋದಲ್ಲಿ ದೊಡ್ಡಮ್ಮನ ಮಗಳ ಮಗುವಿಗೆ ನಾಮಕರಣ, ಮುಹೂರ್ತ 10:40ಕ್ಕೆ. ಹೆಂಡತಿ, ಒಂಬತ್ತು ವರ್ಷದ ಮಗ, ನಾನು. ಬೆಳಗ್ಗೆ ಆರೂಕಾಲಿಗೆ ಏರಿದೆವು. ಟೆಹೋನ್ ಪಾಸ್ ಬೆಟ್ಟಗಳನ್ನು 9,500 ಅಡಿಯಲ್ಲಿ ದಾಟಿದಾಗ ಒಳ್ಳೇ ಬಿಸಿಲು, ಅಲುಗಾಟವೇ ಇಲ್ಲ. ಒಂಬತ್ತರ ಮೇಲೆ ದಕ್ಷಿಣಕ್ಕೆ ಬಂದರೆ ಕರಾವಳಿ ಉದ್ದಕ್ಕೂ ಬಿಳೀ ಹತ್ತಿ ಹಾಸಿದ ಹಾಗೆ ಮೋಡ. ಜೂನಿನಲ್ಲಿ ಸಮುದ್ರದ ಕಡೆಯಿಂದ ಬರುವ ತಗ್ಗು ಮೋಡ ಅದು. ಸಂಜೆ ರಾತ್ರಿ ಹೊತ್ತಿಗೆ ಒಳಗೆ ಬರುತ್ತೆ, ಮಾರನೇ ದಿನ ಬಿಸಿಲೇರಿದ ಮೇಲೆ ಕರಗುತ್ತೆ, ಕೆಲವು ದಿನ ಕರಗುವುದೇ ಇಲ್ಲ. ರೇಡಿಯೋದಲ್ಲಿ ಮಾಂಟ್ಗೊಮರಿಯ ಹವಾಮಾನ ಕೇಳಿದೆ. ಮೋಡ 700 ಅಡಿಗೆ. ಕಣ್ಣಲ್ಲಿ ನೋಡಿಕೊಂಡು ಇಳಿಯುವ ನನ್ನಂಥವನಿಗೆ ಕಡೇಪಕ್ಷ 1,000 ಬೇಕು.

ಅಷ್ಟರಲ್ಲಿ ಎಡಗಡೆ ಮೋಡದಲ್ಲಿ ಒಂದು ಕಿಂಡಿ ಕಂಡಿತು. ಅದರೊಳಗೆ ಫ್ರೀವೇ, ಅದರ ಮೇಲೆ ಕಾರುಗಳು. ಇದರಲ್ಲಿ ಇಳಿದು ಮೋಡದ ಕೆಳಗೆ ಹತ್ತು ನಿಮಿಷ ಹೋದರೆ ಆಯಿತಲ್ಲ ಅನ್ನಿಸಿತು. ಅನ್ನಿಸಿದ್ದು ಅಷ್ಟೇ ಅಂದುಕೊಂಡಿದ್ದೆ. ಎಂಜಿನ್ ಸದ್ದು ತಗ್ಗಿದ್ದು ಕೇಳಿ ಹೆಂಡತಿ ಹೆಡ್‌ಸೆಟ್ಟಿನಲ್ಲಿ "ಇಳೀತಾ ಇದೀವಾ?" ಅಂದಳು. ನೋಡಿದರೆ ನನ್ನ ಬಲಗೈ ಎಂಜಿನ್ ವೇಗ ಹೆಚ್ಚುಕಡಿಮೆ ಮಾಡುವ ಥ್ರಾಟಲ್ಲನ್ನು ಆಗಲೇ ಅರ್ಧ ಹಿಂದಕ್ಕೆ ಎಳೆದಿತ್ತು. ನನಗೇ ಗೊತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಗ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ. "ಇಲ್ಲ" ಅಂದು ಥ್ರಾಟಲ್ ಮುಂದಕ್ಕೆ ದೂಡಿ ಒಳನಾಡಿನ ಫ್ರೆಂಚ್ ವ್ಯಾಲಿ ಏರ್‌ಪೋರ್ಟಿಗೆ ತಿರುಗಿಸಿದೆ. ಅಲ್ಲಿ ಬಿಸಿಲಿತ್ತು. ಇಳಿದು ಕೈ ನೋಡಿಕೊಂಡರೆ ಅಂಗೈ ಪೂರ್ತಿ ಬೆವರು. ಟ್ಯಾಕ್ಸಿ ಹಿಡಿದು ಹೋಗುವಷ್ಟರಲ್ಲಿ ಹೆಸರಿಟ್ಟಾಗಿತ್ತು, ಎರಡನೇ ಪಂಕ್ತಿ ಊಟ ನಡೆದಿತ್ತು.

ಆ ದಿನ ಹೋಗಲೇಬೇಕು ಅಂತಿದ್ದವನೂ ನಾನೇ, ಹೋಗಬಹುದಾ ಅಂತ ತೀರ್ಮಾನ ಮಾಡಬೇಕಾದವನೂ ನಾನೇ. ಏರ್‌ಲೈನಿನಲ್ಲಿ ಹಾಗಿಲ್ಲ. ಇಲ್ಲಿನ ಏರ್‌ಲೈನುಗಳಲ್ಲಿ ನೆಲದ ಮೇಲೆ ಕೂತು ಹಾರಾಟದ ಯೋಜನೆ ನೋಡಿಕೊಳ್ಳುವ ಡಿಸ್ಪ್ಯಾಚರ್ ಮತ್ತು ಕ್ಯಾಪ್ಟನ್ ಇಬ್ಬರೂ ಒಪ್ಪಿದರೆ ಮಾತ್ರ ವಿಮಾನ ಹೊರಡುತ್ತೆ. ಆ ಡಿಸ್ಪ್ಯಾಚರಿಗೆ ನಿಮ್ಮ ತಂಗಿ ಮನೆ ಮುಹೂರ್ತ ಗೊತ್ತಿಲ್ಲ. ಅದೇ ದೊಡ್ಡ ರಕ್ಷಣೆ. ಮುಂದೆ ಇಬ್ಬರು ಪೈಲಟ್‌ಗಳು. 2013ರಿಂದ ಸಾಮಾನ್ಯವಾಗಿ 1,500 ಗಂಟೆ ಹಾರಿಸದೆ ಬಲಗಡೆಯ ಕೋ-ಪೈಲಟ್ ಸೀಟಿಗೂ ಬರುವ ಹಾಗಿಲ್ಲ. 700 ಅಡಿ ಮೋಡ ಅವರಿಗೆ ದಿನನಿತ್ಯದ ಕೆಲಸ. ನಮ್ಮಂಥ ಸಣ್ಣ ವಿಮಾನಗಳಲ್ಲಿ ಒಂದು ಲಕ್ಷ ಗಂಟೆ ಹಾರಾಟಕ್ಕೆ ಸುಮಾರು ಒಂದು ಅಪಘಾತ ಜೀವ ತೆಗೆಯುತ್ತೆ. ಏರ್‌ಲೈನುಗಳದ್ದು ಇದರ ಹತ್ತಿರಕ್ಕೂ ಬರುವುದಿಲ್ಲ.

1999ರ ಜುಲೈ 16ರ ರಾತ್ರಿ, ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಾವೇ ಸಣ್ಣ ವಿಮಾನ ಹಾರಿಸಿಕೊಂಡು ಹೊರಟಿದ್ದೂ ಮನೆಯವರ ಮದುವೆಗೇ. ಜೊತೆಗೆ ಹೆಂಡತಿ, ಅವಳ ಅಕ್ಕ. ಅವರಿಗೂ ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲಿಲ್ಲ. ಸಮುದ್ರದ ಮೇಲೆ ಕತ್ತಲು, ಮಬ್ಬು, ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ ಮೂವರೂ ಹೋದರು. ಅವರು 300 ಗಂಟೆ ದಾಟಿದ್ದವರು.

ಅಪ್ಪನ ಆಸೆಗೆ ಬೇರೆ ದಿನ ಇಟ್ಟುಕೊಳ್ಳಿ. ಗಡಿಬಿಡಿ ಇಲ್ಲದ ದಿನ, ಬೆಳಗ್ಗೆ ಎಂಟಕ್ಕೆ, ಅಪ್ಪ ಒಬ್ಬರನ್ನೇ ಮುಂದೆ ಕೂರಿಸಿ ಮೌಂಟ್ ಡಯಾಬ್ಲೋ ಸುತ್ತಿ ಬನ್ನಿ. ನಲವತ್ತು ನಿಮಿಷ ಸಾಕು. ನಮ್ಮಪ್ಪ ಬಂದಾಗ ನಾನು ಮಾಡಿದ್ದು ಅದೇ. ಇಳಿದ ಮೇಲೆ ಅವರು ರೆಕ್ಕೆಯನ್ನು ಎರಡು ಸಲ ತಟ್ಟಿದರು, ಎತ್ತಿನ ಬೆನ್ನು ತಟ್ಟಿದ ಹಾಗೆ.

ಉತ್ತರ: ಪಕ್ಕದಸೀಟು

ನಮ್ಮ ಯಜಮಾನರು ಪೈಲಟ್, ನಾನಲ್ಲ. ನಿಮ್ಮ ಹೆಂಡತಿಯ ಪರವಾಗಿ ಎರಡು ಮಾತು. ಅತ್ತೆಯವರನ್ನು ಒಮ್ಮೆ ಎರಡೂವರೆ ಗಂಟೆ ಕರೆದುಕೊಂಡು ಹೋಗಿದ್ದೆವು. 172ನಲ್ಲಿ ಟಾಯ್ಲೆಟ್ ಇಲ್ಲ. ಪಾಪ, ಅವರು ಹೇಳಿಕೊಳ್ಳಲು ನಾಚಿಕೊಂಡು ಹಿಂದಿನ ರಾತ್ರಿಯಿಂದಲೇ ನೀರು ಕುಡಿದಿರಲಿಲ್ಲ. ಇಳಿದ ಮೇಲೆ ತಲೆ ಸುತ್ತಿ ಕೂತುಬಿಟ್ಟರು. ನನಗೆ ಇವತ್ತಿಗೂ ಅದು ಸಂಕಟ. ಒಳಗೆ ಗಾಳಿಯ ಒತ್ತಡ ಕಾಪಾಡುವ ವ್ಯವಸ್ಥೆಯೂ ಇರುವುದಿಲ್ಲ. 9,500 ಅಡಿ ಅಂದರೆ ನಿಜವಾಗಿ ಅಷ್ಟು ಎತ್ತರದ ಬೆಟ್ಟದ ಮೇಲೆ ಕೂತ ಹಾಗೆ. ನಿಮ್ಮ ಅಪ್ಪ ಅಮ್ಮನಿಗೆ ಬಿಪಿ, ಶುಗರ್ ಇದ್ದರೆ ಡಾಕ್ಟರನ್ನು ಕೇಳದೆ ಬೇಡ.

ಉತ್ತರ: ಬೆಟ್ಟದೂರು

ಒಂದು ಮಾತು ಸೇರಿಸುತ್ತೇನೆ. ಸ್ಯಾನ್ ಹೋಸೆಯಿಂದ ಸ್ಯಾನ್ ಡಿಯಾಗೋಗೆ ದಿನಕ್ಕೆ ಎಷ್ಟೋ ವಿಮಾನ, ಅಲ್ಲಿ ಏರ್‌ಲೈನೇ ಸರಿ. ಆದರೆ ನಾನು ತಿಂಗಳಿಗೊಮ್ಮೆ ಉತ್ತರದ ಬೆಟ್ಟಗಳ ಸಣ್ಣ ಊರು ಕ್ವಿನ್ಸಿಗೆ ಹೋಗುತ್ತೇನೆ. ಅಲ್ಲಿಗೆ ಏರ್‌ಲೈನ್ ಇಲ್ಲ. ಕಾರಿನಲ್ಲಿ ನಾಲ್ಕು ಗಂಟೆಗಿಂತ ಜಾಸ್ತಿ, ನನ್ನ 172ನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ಇಂಥ ಊರುಗಳಿಗೆ ಸಣ್ಣ ವಿಮಾನಕ್ಕೆ ಸಾಟಿಯಿಲ್ಲ. ಆದರೆ ಹೋಗುವ ಮುನ್ನವೇ ಅಲ್ಲಿಯವರಿಗೆ "ಮೋಡ ಇದ್ದರೆ ಬರಲ್ಲ" ಅಂತ ಹೇಳಿರುತ್ತೇನೆ. ಈ ವರ್ಷ ಎರಡು ಸಲ ಹೋಗಲಿಲ್ಲ.

ಹೊಸರೆಕ್ಕೆ

ಎಲ್ಲರಿಗೂ ಧನ್ಯವಾದ. ಜಕ್ಕೂರು ಅಣ್ಣ, ಥ್ರಾಟಲ್ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ. ಇನ್ನೊಂದೇ ಪ್ರಶ್ನೆ. ಮುಂದೆ ಎಂದಾದರೂ ಭಾವ ಜೊತೆಗೆ ಬಂದು ಪೆಟ್ರೋಲಿನ ದುಡ್ಡು ಕೊಡುತ್ತೇನೆ ಅಂದರೆ ತಗೊಳ್ಳಬಹುದಾ?

ಜಕ್ಕೂರುಹುಡುಗ

ಪಾಲು ತಗೊಳ್ಳಬಹುದು. ನಾಲ್ವರಿದ್ದರೆ ಪೆಟ್ರೋಲು, ಬಾಡಿಗೆ, ಏರ್‌ಪೋರ್ಟ್ ಶುಲ್ಕದಲ್ಲಿ ಕಾಲು ಭಾಗವನ್ನಾದರೂ ನೀವೇ ಕೊಡಬೇಕು. ನಿಮ್ಮ ಪಾಲನ್ನೂ ಅವರಿಂದಲೇ ತಗೊಂಡರೆ ಬಾಡಿಗೆಗೆ ಹಾರಿಸಿದ ಹಾಗೆ, ನಮ್ಮ ಲೈಸೆನ್ಸಿಗೆ ಅದು ಸಲ್ಲದು.

ಹೊಸರೆಕ್ಕೆ

ಸ್ಯಾನ್ ಹೋಸೆಯಿಂದ ನಾಲ್ಕು ಟಿಕೆಟ್ ಮಾಡಿಸಿದೆ. ಅಪ್ಪನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನನ್ನ ದಿನ ಯಾವಾಗ?" ಅಂದರು. ಗೃಹಪ್ರವೇಶ ಮುಗಿದು ಬಂದ ಮೇಲಿನ ಶನಿವಾರ, ಬೆಳಗ್ಗೆ ಎಂಟಕ್ಕೆ ವಿಮಾನ ಬುಕ್ ಮಾಡಿದ್ದೇನೆ. ಅಪ್ಪ ಒಬ್ಬರೇ.

ನೆನ್ನೆ ಊಟ ಆದಮೇಲೆ ಎಲ್ಲರನ್ನೂ ಶೂ ಹಾಕಿಸಿ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ನಾನು 630 ಅಂದಿದ್ದು 652 ಬಂತು.