ಬೇಸಿಗೆ ಶುರುವಾಯ್ತು, ಹಿತ್ತಲಿಗೆ ಏನು ಹಾಕಲಿ? ಅನುಭವ ಇದ್ದವರು ಹೇಳಿ

ತುಮಕೂರು ಸೊಸೆ
ಎಲ್ಲರಿಗೂ ನಮಸ್ಕಾರ. ಹೋದ ಕಾರ್ತಿಕದಲ್ಲಿ ಹೊಸ ಮನೆಗೆ ಬಂದೆವು. ಹಿಂದೆ 15ಕ್ಕೆ 20 ಅಡಿ ಜಾಗ ಇದೆ. ಕೆದಕಿದರೆ ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ. ಮಧ್ಯಾಹ್ನ ಎರಡರಿಂದ ಸಂಜೆವರೆಗೆ ಪಶ್ಚಿಮದ ಬಿಸಿಲು ನೇರ ಹೊಡೆಯುತ್ತೆ. ಬೋರ್ ನೀರು, ಬಕೆಟ್ ಒಣಗಿದರೆ ಬಿಳಿ ಕಟ್ಟುತ್ತೆ. ಶಿವರಾತ್ರಿ ಮುಗಿದು ಚಳಿ ಶಿವಶಿವಾ ಅಂತ ಹೋಯ್ತು. ನನಗೆ ತರಕಾರಿ ಬೇಕು, ಅತ್ತೆಗೆ ದೇವರಿಗೆ ಮಲ್ಲಿಗೆ ಬೇಕು. ಕೈಯಲ್ಲಿ 6,000 ರೂಪಾಯಿ ಇದೆ. ಎಲ್ಲಿಂದ ಶುರು ಮಾಡಲಿ?

ಹಿತ್ತಲ ಹುಚ್ಚಿ, ಮೈಸೂರು
ತಂಗಿ, ಮೊದಲು ನನ್ನ ಕಥೆ ಕೇಳು. 2022ರಲ್ಲಿ ಒಂದು ಟಿಪ್ಪರ್ ಕೆಂಪು ಮಣ್ಣು ಹೊಡೆಸಿದೆ, 4,500. ಟಿಪ್ಪರ್ ಗಲ್ಲಿಯೊಳಗೆ ಬರಲಿಲ್ಲ. ಗೇಟಿನ ಮುಂದೆ ಸುರಿದು ಹೋದ. ಒಳಗೆ ಹೊರಲು ಇಬ್ಬರು ಆಳು, ತಲಾ 700. ಅಷ್ಟರಲ್ಲಿ ಎದುರು ಮನೆಯವರು ಕಾರು ತೆಗೆಯಕ್ಕಾಗಲ್ಲ ಅಂತ ಜಗಳ. ಮೇಲ್ಮಣ್ಣು ಅಂತ ಹೇಳಿದ್ದ, ಬಂದದ್ದು ಪಾಯ ತೋಡಿದ ಕೆಳಮಣ್ಣು. ನೀರು ಹಾಕಿದರೆ ಅಂಟು, ಒಣಗಿದರೆ ಹಂಚು.

ಆಮೇಲೆ ಕೊಟ್ಟಿಗೆ ಗೊಬ್ಬರ 15 ಚೀಲ, ಚೀಲಕ್ಕೆ 120. ಕಳಿತಿರಲಿಲ್ಲ ಅಂತ ಆಗ ನನಗೆ ಗೊತ್ತಾಗಲಿಲ್ಲ. ಬದನೆ ಸಸಿ ಹದಿನೈದು ದಿನ ಚೆನ್ನಾಗಿದ್ದವು. ಆಮೇಲೆ ಬೆಳಗ್ಗೆ ಬಾಗಿದ್ದು ಸಂಜೆಗೆ ಏಳಲಿಲ್ಲ. ಒಂದನ್ನು ಹಿಡಿದೆ, ಎಳೆಯಲೇ ಬೇಕಾಗಲಿಲ್ಲ, ಕೈಗೆ ಬಂತು. ಬೇರೇ ಇಲ್ಲ. ಮಣ್ಣು ಕೆದಕಿದರೆ ಬೆಳ್ಳಗೆ, ದಪ್ಪಗೆ, ಕೊಕ್ಕೆ ಹಾಗೆ ಮುದುಡಿಕೊಂಡ ಗೊಣ್ಣೆಹುಳು. ತಲೆ ಮಾತ್ರ ಕಂದು. ಒಂದೇ ಸಂಜೆ 63 ಹೆಕ್ಕಿ ಹಾರ್ಲಿಕ್ಸ್ ಬಾಟಲಿಗೆ ಹಾಕಿದೆ. ನಮ್ಮನೆಯವರು ಅದನ್ನ ನೋಡಿ ರಾತ್ರಿ ಊಟ ಬಿಟ್ಟರು. ಬೇವಿನ ಹಿಂಡಿ 450, ಸಸಿ 340. ಒಟ್ಟು 8,490. ಕಿತ್ತ ಬದನೆ ಹನ್ನೊಂದು.

ಗೊಬ್ಬರ ಕೊಳ್ಳುವಾಗ ಕೈಯಲ್ಲಿ ಹಿಡಿದು ಮೂಸಿ ನೋಡು. ಸಗಣಿ ವಾಸನೆ ಇದ್ದರೆ ವಾಪಸ್ ಕಳಿಸು.

ಟೆರೇಸ್ ಟೆಕ್ಕಿ, ಬೆಂಗಳೂರು
ಮೇಡಂ, ಮಣ್ಣಿನ ತಂಟೆಗೇ ಹೋಗಬೇಡಿ. ನನ್ನದು ಪೂರ್ತಿ ಲೆಕ್ಕ ಇದೆ. ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) 24, ಒಂದಕ್ಕೆ 120ರಂತೆ 2,880. ಐದು ಕೆಜಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ಆರು, 1,680. ಎರೆಗೊಬ್ಬರ 1,200. ಡ್ರಿಪ್ ಮತ್ತು ಟೈಮರ್ 3,950. ಐವತ್ತು ಪರ್ಸೆಂಟ್ ನೆರಳು ಪರದೆ 2,600. ಅದಕ್ಕೆ ಕಬ್ಬಿಣದ ಚೌಕಟ್ಟು, ವೆಲ್ಡಿಂಗ್ 5,500. ಒಟ್ಟು 17,810.

ಮೊದಲ ಸಲ ಕೊಕೊಪೀಟ್ ತೊಳೆಯದೆ ಹಾಕಿದೆ. ಅದರಲ್ಲಿ ಉಪ್ಪಿತ್ತು, ಎಲೆ ತುದಿ ಸುಟ್ಟುಹೋಯ್ತು. ಎರಡನೇ ಸಲ ಏಪ್ರಿಲ್‌ನಲ್ಲಿ ಮದುವೆಗೆ ಅಂತ ನಾಲ್ಕು ದಿನ ಊರಿಗೆ ಹೋದೆ. ಟೈಮರ್‌ನ ಬ್ಯಾಟರಿ ಹೋದ ದಿನವೇ ಸತ್ತಿತ್ತು. ಬಂದು ನೋಡಿದರೆ 24 ಬ್ಯಾಗೂ ಬೆಂಡು. ಕೊಕೊಪೀಟ್ ಒಂದು ಸಲ ಪೂರ್ತಿ ಒಣಗಿದರೆ ಮತ್ತೆ ನೀರು ಕುಡಿಯೋದೇ ಇಲ್ಲ. ಸುರಿದದ್ದೆಲ್ಲ ಅಂಚಿನಲ್ಲಿ ಇಳಿದು ಕೆಳಗಿನ ಮನೆಯವರು ಒಣಗಲು ಹಾಕಿದ್ದ ಸಂಡಿಗೆ ಮೇಲೆ ಬಿತ್ತು. ಆ ವಿಷಯ ಬೇಡ. ಮೂರನೇ ಸಲ ಬೆಂಡೆ 9 ಕೆಜಿ 400 ಗ್ರಾಂ. ಎಕ್ಸೆಲ್‌ನಲ್ಲಿ ತಾರೀಕು ಸಮೇತ ಇದೆ, ಬೇಕಾದವರು ಕೇಳಿ.

ಎರೆಹೊಲ, ಧಾರವಾಡ
ಸರ, 17,810ಕ್ಕೆ 9 ಕಿಲೋ ಬೆಂಡಿ ಅಂದರೆ ಕಿಲೋಕ್ಕೆ ಸುಮಾರು 1,900 ರೂಪಾಯಿ ಬಿತ್ತು ನೋಡ್ರಿ. ಅದನ್ನು ಪಲ್ಯ ಮಾಡಿದ್ರೋ, ಲಾಕರಿನ್ಯಾಗ ಇಟ್ರೋ?

ನಮ್ಮ ಹಿತ್ತಲದಾಗ ಎರೆ ಮಣ್ಣು. ಬೇಸಿಗೆಗೆ ಬಿರುಕು ಬಿಟ್ಟರೆ ಬೆರಳು ಇಳಿಯುತ್ತೆ. ಆದರೂ ಚವಳಿಕಾಯಿ, ಪುಂಡಿ, ರಾಜಗಿರಿ ಮೂರೂ ಬರುತ್ತವೆ. ಹೋದ ವರ್ಷ ಬೀಜಕ್ಕೆ 240 ರೂಪಾಯಿ, ಅಷ್ಟೇ ಖರ್ಚು. ಕಬ್ಬಿನ ರವದಿ (ಒಣ ಗರಿ) ಬಿಟ್ಟಿ ತಂದು ನಾಲ್ಕು ಬೆರಳು ದಪ್ಪ ಹೊದಿಸಿದೆ. ದಿನ ಬಿಟ್ಟು ದಿನ ನೀರು ಸಾಕಾಯ್ತು.

ಹೀರೆಯದ್ದು ಮಾತ್ರ ಹೊಟ್ಟೆ ಉರಿ. ಒಂದು ತಿಂಗಳು ಬರೀ ಗಂಡು ಹೂವು. ಕಾಯಿ ಹಿಡಿಯಲ್ಲ ಅಂತ ಕೀಳೋಕೆ ಹೋದೆ, ನಮ್ಮವ್ವ ಬೈದು ತಡೆದಳು. ಮರುವಾರ ಹೂವಿನ ಹಿಂದೆ ಬೆರಳುದ್ದ ಕಾಯಿ ಇಟ್ಟುಕೊಂಡು ಹೆಣ್ಣು ಹೂವು ಬಂದವು. ದಿನಾ ಎಣಿಸುತ್ತಿದ್ದೆ, 14 ಇದ್ದವು. ಹದಿನೈದನೆಯ ದಿನ ಪಕ್ಕದ ಮನೆಯ ಆಡು ಬೇಲಿ ಹಾರಿ ಬುಡದಿಂದ ಮೇದು ಹೋಯ್ತು. ಅವರು ಕೇಳಿದರೆ "ನಮ್ಮ ಆಡು ಹೀರಿಕಾಯಿ ತಿನ್ನಂಗಿಲ್ಲ" ಅಂತಾರೆ. ಇವತ್ತಿಗೂ ಮಾತಿಲ್ಲ.

ಟೆರೇಸ್ ಟೆಕ್ಕಿ, ಬೆಂಗಳೂರು
ಚೌಕಟ್ಟು ಹತ್ತು ವರ್ಷ ಬಾಳುತ್ತೆ ಸರ್, ಅದನ್ನು ಒಂದೇ ವರ್ಷದ ಬೆಂಡೆ ಮೇಲೆ ಹಾಕಿದರೆ ಹೇಗೆ? ಎರಡು ಸಾವಿರ ಕೊಟ್ಟು ಬೇಲಿ ಬಲ ಮಾಡಿದ್ದರೆ ನಿಮಗೂ ಹೀರೆಕಾಯಿ ಸಿಗುತ್ತಿತ್ತು.

ಎರೆಹೊಲ, ಧಾರವಾಡ
ಬೇಲಿ ಬಲಾನೇ ಇತ್ತು. ಆಡು ಅವರದ್ದು, ತಪ್ಪು ನಮ್ಮದಾ?

ಮಲ್ಲಿಗೆ ಮನೆ, ಉಡುಪಿ
ಎಲ್ಲರೂ ಬೆಂಡೆ ಬೆಂಡೆ ಅಂತೀರಿ, ಆ ಅತ್ತೆಯವರ ಮಲ್ಲಿಗೆ ಯಾರಿಗೂ ನೆನಪಿಲ್ಲ. ನಮ್ಮದು ಶಂಕರಪುರದ ಹತ್ತಿರ, 40 ಗಿಡ. ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ನಮ್ಮ ಕಡೆ ಅಟ್ಟೆ ಲೆಕ್ಕದಲ್ಲೇ ಮಾರಾಟ. ಬೆಳಗ್ಗೆ ಬಿಸಿಲು ಏರುವ ಮೊದಲು ಮೊಗ್ಗು ಕೊಯ್ಯಬೇಕು, ಬಾಳೆನಾರಲ್ಲಿ ಕಟ್ಟಬೇಕು. ಎಂಟು ಗಂಟೆಗೆ ಎದ್ದು ಹೂ ಬೇಕು ಅನ್ನುವವರಿಗೆ ಇದು ಆಗುವುದಿಲ್ಲ.

ಮಲ್ಲಿಗೆಗೆ ಬಿಸಿಲು ಬೇಕೇ ಬೇಕು, ಆ ಪಶ್ಚಿಮದ ಗೋಡೆ ಅದಕ್ಕೇ ಸರಿ. ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಹೋದ ವರ್ಷ ಕೊಂಬೆ ಸವರುವುದನ್ನು ತಡ ಮಾಡಿದೆ. ಡಿಸೆಂಬರ್‌ನಲ್ಲಿ ಆಗಬೇಕಿತ್ತು, ಮಗಳ ಬಾಣಂತನ, ಫೆಬ್ರವರಿ ಆಯಿತು. ಮೊದಲ ಮೊಗ್ಗು ಏಪ್ರಿಲ್ ಕೊನೆಗೆ. ಒಳ್ಳೆ ರೇಟು ಇದ್ದ ಮದುವೆ ದಿನಗಳೆಲ್ಲ ಹೋದವು. ಬಂದ ಮೊಗ್ಗೂ ನೇರಳೆಗೆ ತಿರುಗಿ ಉದುರಿದವು, ಬಿಡಿಸಿದರೆ ಬುಡದಲ್ಲಿ ಎಳೆಯಷ್ಟು ಸಣ್ಣ ಹುಳ. ಉದುರಿದ್ದನ್ನೆಲ್ಲ ಗುಡಿಸಿ ಸುಟ್ಟೆ. ಕಡಲೆ ಹಿಂಡಿ, ಸಗಣಿ ನೆನೆಸಿ ಹಾಕಿದ್ದಕ್ಕೆ ನೆರೆಯವರು ವಾಸನೆ ಅಂತ ಕಿಟಕಿ ಹಾಕಿಕೊಂಡರು. ಹೂ ಬಿಟ್ಟ ಮೇಲೆ ಮೊದಲು ಕೇಳಿಕೊಂಡು ಬಂದವರೂ ಅವರೇ.

ಶರಾವತಿ ಕಡೆಯವ, ಶಿವಮೊಗ್ಗ
ತರಕಾರಿಗೆ ಬೀಜ ಮುಖ್ಯ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಹಾಕಿದೆ, ಮೊದಲ ವರ್ಷ ಗಿಡ ತುಂಬ. ಬೀಜ ಉಳಿಸಿ ಬೂದಿ ಸವರಿ ಇಟ್ಟೆ. ಮರುವರ್ಷ 40 ಸಸಿ ಮಾಡಿದೆ. ಒಂದು ಗಿಡ ಉದ್ದ, ಒಂದು ಗಿಡ್ಡ. ಒಂದರಲ್ಲಿ ಹಣ್ಣು ಗೋಲಿಯಷ್ಟು. ಅರ್ಧ ಗಿಡಕ್ಕೆ ಎಲೆ ಮುದುಡಿತು. ಮೂರು ರೋಗ ತಡೆಯುವ ತಳಿ ಅಂತ ಹೇಳುತ್ತಾರೆ, ಎಲ್ಲಿ ತಡೆಯಿತು? ಕೋಲು, ಸುತಲಿ ದಾರ, ಮೂರು ತಿಂಗಳು ನೀರು, ಎಲ್ಲ ದಂಡ.

ಬಿಎಸ್ಸಿ ಅಗ್ರಿ, ಹಾಸನ
ಅಣ್ಣಾ, ಅದು ಹೈಬ್ರಿಡ್, ಎರಡು ತಳಿ ಕೂಡಿಸಿ ಮಾಡಿದ್ದು. ಹೈಬ್ರಿಡ್ ಬೀಜ ಉಳಿಸಿದರೆ ಮರುವರ್ಷ ಹೀಗೇ ಆಗೋದು. ತಳಿಯನ್ನು ಯಾಕೆ ಬೈತೀರಿ? ಬೀಜ ಉಳಿಸಬೇಕು ಅಂದರೆ ಹೈಬ್ರಿಡ್ ಅಲ್ಲದ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಸುಗುಣ ದಂಟು, ಇಂಥವು ತಗೊಳ್ಳಿ. ಇನ್ನೊಂದು ಮಾತು. ಸುಡು ಬೇಸಿಗೆಯಲ್ಲಿ ಟೊಮೆಟೊ ಹೂ ಉದುರುತ್ತೆ, ಅದು ರೋಗ ಅಲ್ಲ, ಸೆಕೆ. ಒಂದು ದಿನ ಜಾಸ್ತಿ, ಎರಡು ದಿನ ಇಲ್ಲ ಅಂತ ನೀರು ಕೊಟ್ಟರೆ ಕಾಯಿಯ ತಳ ಕಪ್ಪಾಗುತ್ತೆ. ಅದಕ್ಕೂ ಔಷಧಿ ಹೊಡೆಯುವವರನ್ನು ನೋಡಿದ್ದೇನೆ.

ನನ್ನ ತಪ್ಪೂ ಹೇಳುತ್ತೇನೆ. ಓದಿದವನು ಅನ್ನೋ ಜಂಬದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಬೇವಿನೆಣ್ಣೆ ಹೊಡೆದೆ. ಸಂಜೆಗೆ ಅಲಸಂದೆ ಎಲೆ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗೆ ಕಂದು. ನಮ್ಮಪ್ಪ ಏಳನೇ ಕ್ಲಾಸು. ನೋಡಿ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಬೇಜಾರಾಯ್ತು.

ನಾಟಿ ಹಸು, ಮಂಡ್ಯ
ಬಿಎಸ್ಸಿಗಳ ಮಾತು ಕೇಳಿದರೆ ಇಷ್ಟೇ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಮಣ್ಣು ಒಂದು ಹಿಡಿ. ಜೀವಾಮೃತ ಹಾಕಿದ ಮೇಲೆ ನಾನು ಅಂಗಡಿ ಮೆಟ್ಟಿಲು ಹತ್ತಿಲ್ಲ.

ಬಿಎಸ್ಸಿ ಅಗ್ರಿ, ಹಾಸನ
ಹಿತ್ತಲು 15ಕ್ಕೆ 20 ಅಡಿ ಸಾರ್. ಅವರು 200 ಲೀಟರ್ ಜೀವಾಮೃತ ಮಾಡಿ ಸ್ನಾನ ಮಾಡಬೇಕಾ?

ನಾಟಿ ಹಸು, ಮಂಡ್ಯ
ಹತ್ತನೇ ಒಂದು ಭಾಗ ಮಾಡಲಿ. ಲೆಕ್ಕ ಬಿಎಸ್ಸಿಯಲ್ಲಿ ಹೇಳಿಕೊಡಲ್ವಾ?

ಹಿತ್ತಲ ಹುಚ್ಚಿ, ಮೈಸೂರು
ಇಬ್ಬರೂ ಸುಮ್ನಿರಿ. ಬೆಲ್ಲದ ವಾಸನೆಗೆ ನಮ್ಮನೆಗೆ ಇರುವೆ ಬಂತು. ಅದರ ಹಿಂದೆಯೇ ದಾಸವಾಳಕ್ಕೆ ಹಿಟ್ಟುತಿಗಣೆ. ಬೆಳ್ಳಗೆ ಹತ್ತಿ ಅಂಟಿಸಿದ ಹಾಗೆ. ಹಳೇ ಟೂತ್‌ಬ್ರಷ್, ಸೋಪಿನ ನೀರು ತಗೊಂಡು ಒಂದೊಂದೇ ಕೊಂಬೆ ತಿಕ್ಕಿದೆ. ನಾಲ್ಕು ಭಾನುವಾರ ಹೋಯ್ತು. ಬೆಲ್ಲದಿಂದ ಅಂತ ನಾನು ಹೇಳ್ತಿಲ್ಲ. ಆದರೂ ಆಮೇಲೆ ಬೆಲ್ಲ ಹಾಕಲಿಲ್ಲ.

ಟೆರೇಸ್ ಟೆಕ್ಕಿ, ಬೆಂಗಳೂರು
ನೀರಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ದಂಡ ಅಂತ ಆದೇಶ ಬಂತು. ಆಗ ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಆಚೆ ಬಿಡುವ ನೀರು ಹಾಕಿದೆ. ಎರಡು ತಿಂಗಳಲ್ಲಿ ಕರಿಬೇವು ಎಲೆ ಉದುರಿಸಿ ಕಡ್ಡಿ ಆಯ್ತು. ಆ ನೀರಲ್ಲಿ ಉಪ್ಪಿನಂಶ ಜಾಸ್ತಿ. ಆಮೇಲೆ ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ಕೊನೇ ನೀರು.

ನಾಟಿ ಹಸು, ಮಂಡ್ಯ
ಸೋಪಿನ ನೀರು ಹಾಕಿದ ಸೊಪ್ಪು ತಿಂತೀರಾ? ಥೂ. ಅದಕ್ಕೇ ಪೇಟೆಯವರಿಗೆ ಇಷ್ಟೊಂದು ಗ್ಯಾಸ್ಟ್ರಿಕ್.

ಟೆರೇಸ್ ಟೆಕ್ಕಿ, ಬೆಂಗಳೂರು
ಸೊಪ್ಪಿಗಲ್ಲ ಸರ್, ಹೂವಿನ ಗಿಡಕ್ಕೆ. ಪೂರ್ತಿ ಓದಿ ಮಾತಾಡಿ. ನಿಮಗೆ ನಾಲೆ ನೀರು ಇದೆ, ನಮಗೆ ಟ್ಯಾಂಕರ್.

ನಾಟಿ ಹಸು, ಮಂಡ್ಯ
ನಾಲೆ ನೀರಿನ ಸುದ್ದಿ ನನ್ನ ಹತ್ತಿರ ತೆಗೀಬೇಡಿ. ನಿಮ್ಮ ನಲ್ಲಿಗೆ ಬರೋದೂ ಅದೇ ಹೊಳೆ. ನಮ್ಮ ಕೊನೇ ತೂಬಿಗೆ ಏಪ್ರಿಲ್‌ನಲ್ಲಿ ಎಷ್ಟು ಬರುತ್ತೆ ಅಂತ ಬಂದು ನೋಡಿ, ಕಾಫಿ ಕೊಡ್ತೀನಿ.

ಮಲ್ಲಿಗೆ ಮನೆ, ಉಡುಪಿ
ಜಗಳ ಕಾವೇರಿಗೇ ಹೋಯಿತಾ! ಪಾಪ, ಆ ಹುಡುಗಿ ಕೇಳಿದ್ದು ತುಮಕೂರಿನ ಬೋರ್ ನೀರು ಮಾರಾಯ್ರೆ.

ತುಮಕೂರು ಸೊಸೆ
ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯ್ತು, ಆಗಿದ್ದು ಹೇಳುತ್ತೇನೆ. ಹುಚ್ಚಿ ಅಕ್ಕ ಹೇಳಿದ ಹಾಗೆ ಗೊಬ್ಬರ ಮೂಸಿದೆ, ಮಾರುವವನು ನಕ್ಕ. ಎರಡು ಅಂಗಡಿ ಬಿಟ್ಟು ಮೂರನೆಯದರಲ್ಲಿ ತಗೊಂಡೆ. ಗೋಡೆ ಪಕ್ಕ ಮೂರಡಿ ಅಗಲ ಮಾತ್ರ ಅಗೆಸಿದೆ. ಏಳು ಬಾಂಡಲಿ ಇಟ್ಟಿಗೆ ಚೂರು ಬಂತು. ಉಳಿದ ಜಾಗ ಮಳೆ ಬರಲಿ ಅಂತ ಬಿಟ್ಟೆ. ರಾತ್ರಿ ನೆನೆಸಿ 30 ಬೆಂಡೆ ಬೀಜ ಹಾಕಿದೆ, ಎದ್ದದ್ದು 19. ಅದರಲ್ಲಿ ಎರಡನ್ನು ಅಳಿಲು ಕಡಿದಿದೆ. ದಂಟು ದಟ್ಟವಾಗಿ ಬಂದಿದೆ. ಒಟ್ಟು 3,260 ಖರ್ಚಾಯ್ತು.

ಅತ್ತೆ ಯಾರನ್ನೂ ಕೇಳಲಿಲ್ಲ. ಸಂತೆಯಿಂದ ಒಂದು ದುಂಡು ಮಲ್ಲಿಗೆ ಗಿಡ ತಂದು ವಾಷಿಂಗ್ ಮೆಷಿನ್ ಪೈಪು ಬೀಳುವ ಜಾಗದಲ್ಲಿ ನೆಟ್ಟರು. ಬೇಡ ಅಂದೆ. ಇವತ್ತು ಬೆಳಗ್ಗೆ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರು, ಐದು ಮೊಗ್ಗು.

ನಾಟಿ ಹಸು, ಮಂಡ್ಯ
ಅದು ನರ್ಸರಿಯಲ್ಲಿದ್ದಾಗಲೇ ಕಟ್ಟಿದ್ದ ಮೊಗ್ಗು. ಇನ್ನೊಂದು ತಿಂಗಳು ಬಿಟ್ಟು ಹೇಳಿ.

ಟೆರೇಸ್ ಟೆಕ್ಕಿ, ಬೆಂಗಳೂರು
ಮೇಡಂ, ಯಾವ ಪೌಡರ್ ಹಾಕ್ತೀರಿ? ಟಾಪ್ ಲೋಡಾ, ಫ್ರಂಟ್ ಲೋಡಾ?