ಬೋರ್‌ವೆಲ್ ನೀರು, ಪೈಪು, ಮೋಟಾರು: ಇಂಜಿನಿಯರ್‌ಗೆ ಕೇಳಿ

ಕಡೂರು: ಸರ್, ಮೋಟಾರು ಎತ್ತಿಸಿದಾಗ ಪೈಪಿನ ಒಳಗೆಲ್ಲಾ ಬಿಳಿ ಪದರ. ತೋಟದ ಡ್ರಿಪ್ಪರ್‌ಗಳೂ ಕಟ್ಟಿಕೊಂಡಿವೆ.

ಇಂಜಿನಿಯರ್: ಕ್ಯಾಲ್ಸಿಯಂ ಕಾರ್ಬೋನೇಟ್. ನೀರು ಮೇಲೆ ಬರುವಾಗ ಒತ್ತಡ ಇಳಿದು, ಕರಗಿದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ಆಗ ಪದರ ಕಟ್ಟುತ್ತದೆ. ಮೋಟಾರು ಬಿಸಿಯಾಗುವ ಕಡೆ ಜಾಸ್ತಿ. ನೀರು ಟೆಸ್ಟ್ ಮಾಡಿಸಿ. ಡ್ರಿಪ್ ಲೈನನ್ನು ಕಂಪನಿಯವರ ಕೈಲೇ ತೊಳೆಸಿ.

ಮೂಡಿಗೆರೆ: ನಮ್ಮಲ್ಲಿ ಪದರವೇ ಇಲ್ಲ. ಆದರೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತೂತು ಬೀಳುತ್ತಿದೆ.

ಇಂಜಿನಿಯರ್: ಮಲೆನಾಡಿನ ನೀರು ಮೆದು, ಸ್ವಲ್ಪ ಹುಳಿ, ಕಬ್ಬಿಣ ತಿನ್ನುತ್ತದೆ. ಪಿಹೆಚ್, ಅಂದರೆ ಹುಳಿ ಎಷ್ಟು ಅಂತ ನೋಡಿಸಿ. ಪಿವಿಸಿ ಪೈಪು ಇಳಿಸಿ.

ಬೇಲೂರು: ಫಾರ್ವರ್ಡ್ ಬಂದಿದೆ. ಬ್ಲೀಚಿಂಗ್ ಪೌಡರ್ ಜತೆ ಟಾಯ್ಲೆಟ್ ಆಸಿಡ್ ಬೆರೆಸಿ ಬೋರ್‌ಗೆ ಸುರಿದರೆ ರಾತ್ರಿ ಕಳೆಯುವಷ್ಟರಲ್ಲಿ ಕ್ಲೀನ್! ಎಲ್ಲರಿಗೂ ಕಳಿಸಿ.

ಇಂಜಿನಿಯರ್: ಯಾರಿಗೂ ಕಳಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ. ಪೈಪಿಗಿಂತ ಮೊದಲು ಸುರಿದವನ ಶ್ವಾಸಕೋಶ ಹೋಗುತ್ತದೆ.

ಅರಸೀಕೆರೆ: ನಮ್ಮದು ಹಳೇ ತೆರೆದ ಬಾವಿ, ಒಳಗೆ ಬೋರ್. ನೀರಿಗೆ ಕೊಳೆತ ಮೊಟ್ಟೆ ವಾಸನೆ, ಪೈಪಿನಲ್ಲಿ ಕರೀ ಪುಡಿ. ನಾಳೆ ಆಳು ಇಳಿಸಿ ಆಸಿಡ್ ಹಾಕಿಸುತ್ತೇನೆ, ಸರಿ ಅಲ್ವಾ?

ಇಂಜಿನಿಯರ್: ಯಾರನ್ನೂ ಇಳಿಸಬೇಡಿ. ಆ ವಾಸನೆ ಹೈಡ್ರೋಜನ್ ಸಲ್ಫೈಡ್. ಗಾಳಿಯಾಡದ ಆಳದಲ್ಲಿ ಸಲ್ಫೇಟ್ ತಿಂದು ಬದುಕುವ ಬ್ಯಾಕ್ಟೀರಿಯಾ ಅದನ್ನು ಬಿಡುತ್ತವೆ. ಕಬ್ಬಿಣದ ಜತೆ ಸೇರಿ ಆದದ್ದೇ ಆ ಕರೀ ಪುಡಿ, ಐರನ್ ಸಲ್ಫೈಡ್. ಅದರ ಮೇಲೆ ಆಸಿಡ್ ಬಿದ್ದರೆ ಅದೇ ಅನಿಲ ಭುಗ್ಗನೆ ಏಳುತ್ತದೆ. ಗಾಳಿಗಿಂತ ಭಾರ, ಬಾವಿಯ ತಳದಲ್ಲೇ ಕೂರುತ್ತದೆ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ಆಸುಪಾಸಿಗೆ ಮೂಗು ಸತ್ತು ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು ಅಂತ ಇಳಿದವನು ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ದೀಪ ಇಳಿಸಿ ನೋಡುತ್ತೇವೆ ಅನ್ನಬೇಡಿ. ದೀಪ ಆರದಿದ್ದರೂ ವಿಷ ಇರಬಹುದು, ಸಾಲದ್ದಕ್ಕೆ ಇದು ಹತ್ತಿಕೊಳ್ಳುವ ಅನಿಲ. ಈ ಅನಿಲ ಇರುವ, ನೈಸರ್ಗಿಕ ಗ್ಯಾಸ್ ತೆಗೆಯುವ ಬಾವಿಗಳಲ್ಲಿ ಗಟ್ಟಿ ಉಕ್ಕೇ ಬಿರುಕು ಬಿಡುತ್ತದೆ. ಅಲ್ಲಿನ ಕೆಲಸದವರು ಎದೆಗೆ ಅಲಾರಂ ಮೀಟರ್ ಸಿಕ್ಕಿಸಿಕೊಂಡೇ ಓಡಾಡುತ್ತಾರೆ. ನಿಮ್ಮ ಆಳಿನ ಹತ್ತಿರ ಏನಿದೆ, ಹಗ್ಗ ತಾನೇ? ಪೈಪು, ಮೋಟಾರು ಮೇಲಿಂದಲೇ ಎತ್ತಿಸಿ, ಬೋರ್ ಫ್ಲಶ್ ಮಾಡಿಸಿ. ಆಗಲೂ ಬಾವಿಕಟ್ಟೆ ಹತ್ತಿರ ಯಾರೂ ನಿಲ್ಲಬೇಡಿ. ಬ್ಯಾಕ್ಟೀರಿಯಾ ಸಾಯಲು ಕ್ಲೋರಿನ್ ಎಷ್ಟು ಹಾಕಬೇಕು ಅಂತ ಟೆಸ್ಟ್ ರಿಪೋರ್ಟ್ ನೋಡಿ ಹೇಳುತ್ತೇನೆ.

ಅರಸೀಕೆರೆ: ಅಡ್ವಾನ್ಸ್ ಕೊಟ್ಟಾಗಿದೆ ಸರ್.

ಇಂಜಿನಿಯರ್: ಹೋಗಲಿ ಬಿಡಿ ಅಡ್ವಾನ್ಸ್!

ಚನ್ನರಾಯಪಟ್ಟಣ: ಫ್ಲೋರೈಡ್‌ಗೆ ಯಾವ ಫಿಲ್ಟರ್ ಸರ್?

ಸಕಲೇಶಪುರ: ಎತ್ತಿನಹೊಳೆ ನೀರು ಹೊರಡುವುದು ನಮ್ಮ ತಾಲ್ಲೂಕಿಂದ. ನಮಗೇನು ಸಿಕ್ಕಿತು?

ಕಡೂರು: ಬಯಲುಸೀಮೆಯವರು ಬಾಯಾರಿ ಸಾಯಬೇಕಾ?

ಸಕಲೇಶಪುರ: ಹಾಗಂತ ಯಾರು ಅಂದರು? ಸುಮ್ನೆ ಬಾಯಿಗೆ ಬಂದದ್ದು ಬರೆಯಬೇಡಿ.

ಕಡೂರು: ನೀವು ಬರೆದದ್ದೇ ಓದಿಕೊಳ್ಳಿ.

ಚನ್ನರಾಯಪಟ್ಟಣ: ಫ್ಲೋರೈಡ್ ಸರ್?

ಬೇಲೂರು: ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಪದರ ಬರಲ್ವಂತೆ?

ಇಂಜಿನಿಯರ್: ದುಡ್ಡು ದಂಡ.

ತರೀಕೆರೆ: ಸರ್, ಬೋರ್‌ಗೆ ಆಸಿಡ್ ಎಷ್ಟು ಲೀಟರ್ ಹಾಕಬೇಕು?

ಇಂಜಿನಿಯರ್: ಮೇಲೆ ಓದಿ. ಓದಿದ ಮೇಲೂ ಕೇಳುವುದಿದ್ದರೆ ನನ್ನನ್ನು ಕೇಳಬೇಡಿ.