ಹುದ್ದೆ ಖಾಲಿ ಇಲ್ಲದ ಕಂಪನಿಗೆ ಆಸಕ್ತಿ ಪತ್ರ ಬರೆಯೋದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. 4 ವರ್ಷದಿಂದ ಗೋದಾಮೊಂದರಲ್ಲಿ ಸ್ಟಾಕ್ ನೋಡಿಕೊಳ್ಳುತ್ತಿದ್ದೇನೆ. ಆನ್‌ಲೈನ್‌ನಲ್ಲಿ ಪೀಠೋಪಕರಣ ಮಾರುವ ಒಂದು ಕಂಪನಿಗೆ ಸೇರಬೇಕು ಅಂತ ಆಸೆ. ಆದರೆ ಅವರ ಸೈಟ್‌ನಲ್ಲಿ ನನಗೆ ಹೊಂದುವ ಹುದ್ದೆ ಕಾಣಿಸುತ್ತಿಲ್ಲ. ಸುಮ್ನೆ ಒಂದು ಪತ್ರ ಕಳಿಸಿದರೆ ಓದುತ್ತಾರಾ? ನಾನು ಬರೆದಿರುವುದು ಹೀಗಿದೆ: "ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸಲು ಇಚ್ಛಿಸುತ್ತೇನೆ. ನಾನು ಶ್ರಮಜೀವಿ, ಪ್ರಾಮಾಣಿಕ, ಎಲ್ಲರೊಂದಿಗೂ ಹೊಂದಿಕೊಂಡು ಹೋಗುವ ಸ್ವಭಾವದವನು. ಸೂಕ್ತ ಹುದ್ದೆ ನೀಡಬೇಕಾಗಿ ವಿನಂತಿ." ಸರಿ ಇದೆಯಾ?

ಉತ್ತರ, ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡುವವರಿಂದ: ಸರಿಯಾದವರ ಕೈಗೆ ಸಿಕ್ಕರೆ ಖಂಡಿತ ಓದುತ್ತಾರೆ. ಜಾಹೀರಾತು ಬರುವ ಮೊದಲೇ ಎಷ್ಟೋ ಸಲ ಆ ತಂಡದವರಿಗೆ ಜನ ಬೇಕಾಗಿರುತ್ತಾರೆ. ಯಾರೋ ಕೆಲಸ ಬಿಡುವವರಿರುತ್ತಾರೆ, ಹೊಸ ಗೋದಾಮು ಶುರುವಾಗುವುದರಲ್ಲಿರುತ್ತದೆ, ಹುದ್ದೆಗೆ ಮಂಜೂರಾತಿ ಬರಬೇಕಾಗಿರುತ್ತದೆ. ಅಂಥ ಹೊತ್ತಿಗೆ ನಿಮ್ಮ ಪತ್ರ ಹೋದರೆ ನಿಮಗೇ ಅನುಕೂಲ.

ಆದರೆ ಎಚ್‌ಆರ್ ವಿಳಾಸಕ್ಕೆ ಮಾತ್ರ ಹಾಕಿ ಕೂರಬೇಡಿ. ನಾವು ಮಂಜೂರಾದ ಹುದ್ದೆ ತುಂಬುವವರು. ಹುದ್ದೆಯೇ ಇಲ್ಲದಾಗ ಬಂದ ಪತ್ರ ಯಾವುದೋ ಫೋಲ್ಡರ್ ಸೇರುತ್ತದೆ, ಬೇಜಾರಾದರೂ ನಿಜ. ಗೋದಾಮಿನ ಅಥವಾ ಸಾಗಣೆಯ ಮುಖ್ಯಸ್ಥರು ಯಾರು ಅಂತ ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ಹೆಸರು ಹಾಕಿ ಅವರಿಗೇ ಬರೆಯಿರಿ.

ಇನ್ನು ನಿಮ್ಮ ಮೂರು ಸಾಲು. ಇದನ್ನು ಹಾಗೇ ಬ್ಯಾಂಕಿಗೂ ಕಳಿಸಬಹುದು, ಆಸ್ಪತ್ರೆಗೂ ಕಳಿಸಬಹುದು. ತಾನು ಸೋಮಾರಿ ಅಂತ ಯಾರಾದರೂ ಬರೆದುಕೊಳ್ಳುತ್ತಾರಾ? ಹಾಗಾಗಿ 'ಶ್ರಮಜೀವಿ' ಅನ್ನೋದು ಓದುವವರ ಕಣ್ಣಿಗೆ ಬೀಳೋದೇ ಇಲ್ಲ. ಆ ಕಂಪನಿಯವರು ಈಗ ಏನು ಮಾಡುತ್ತಿದ್ದಾರೆ ಅನ್ನೋದರಿಂದ ಶುರು ಮಾಡಿ, ಅದಕ್ಕೆ ನಿಮ್ಮ ಕೆಲಸವನ್ನು ಜೋಡಿಸಿ. ಹೀಗೆ:

"ನೀವು ಈಚೆಗೆ ಸೋಫಾ, ಮಂಚದಂಥ ದೊಡ್ಡ ಸಾಮಾನನ್ನೂ ವಾಪಸ್ ತೆಗೆದುಕೊಳ್ಳಲು ಶುರು ಮಾಡಿದ್ದನ್ನು ನೋಡಿದೆ. ಗೋದಾಮಿನಲ್ಲಿ ನಾನು ನೋಡಿಕೊಳ್ಳುವುದು ವಾಪಸ್ ಬಂದ ಮಾಲನ್ನೇ. ಮೊದಲು ಅದು ವಾರಗಟ್ಟಲೆ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಬಂದ ದಿನವೇ ನೋಡಿ, ಮತ್ತೆ ಮಾರುವುದು, ರಿಪೇರಿಗೆ ಹೋಗುವುದು ಅಂತ ಬೇರೆ ಮಾಡುವ ಕ್ರಮ ತಂದೆ. ಈಗ ಎರಡು ದಿನದೊಳಗೆ ಲೆಕ್ಕಕ್ಕೆ ಬರುತ್ತದೆ."

ನಿಮ್ಮ ಕೆಲಸದ ವಿವರ ಬೇರೆ ಇರಬಹುದು, ನಿಜವಾದದ್ದನ್ನೇ ಹಾಕಿ. ಸಂದರ್ಶನದಲ್ಲಿ ಮೊದಲು ಕೆದಕುವುದೇ ಆ ಸಾಲನ್ನು.

ಕೊನೆಯಲ್ಲಿ 'ಹುದ್ದೆ ನೀಡಬೇಕಾಗಿ ವಿನಂತಿ' ಬೇಡ. ಇಲ್ಲದ ಹುದ್ದೆ ಕೇಳಿದರೆ 'ಇಲ್ಲ' ಅನ್ನೋದು ಬಿಟ್ಟು ಅವರಿಗೆ ಬೇರೆ ದಾರಿ ಇರೋದಿಲ್ಲ. "ನಿಮಗೆ ಬಿಡುವಾದಾಗ 15 ನಿಮಿಷ ಫೋನ್‌ನಲ್ಲಿ ಮಾತಾಡಬಹುದಾ?" ಅಂತ ಕೇಳಿ. ಇದಕ್ಕೆ 'ಆಗಲಿ' ಅನ್ನುವುದು ಸುಲಭ.

ಉಳಿದದ್ದೆಲ್ಲ ಚಿಕ್ಕ ಸಂಗತಿ. ಒಂದು ಪುಟ ದಾಟಬಾರದು, 250 ಪದ ಸಾಕು. ಪತ್ರವನ್ನು ಮೇಲ್‌ನಲ್ಲೇ ಬರೆಯಿರಿ, ರೆಸ್ಯೂಮೆ ಮಾತ್ರ ಪಿಡಿಎಫ್ ಮಾಡಿ ಲಗತ್ತಿಸಿ. ಫೈಲಿಗೆ ನಿಮ್ಮ ಹೆಸರಿರಲಿ. 'ಫೈನಲ್ ಹೊಸದು 2' ಅಂತೆಲ್ಲ ಬರುತ್ತವೆ, ನಗು ಬರುತ್ತದೆ. ಸಂಬಳದ ಮಾತು ಈಗ ಬೇಡ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾನು ಈಗಷ್ಟೇ ಬಿ.ಕಾಂ ಮುಗಿಸಿದ್ದೇನೆ. ಹೇಳಿಕೊಳ್ಳೋಕೆ ಅನುಭವವೇ ಇಲ್ಲವಲ್ಲ?

ಉತ್ತರ: ಕಾಲೇಜಿನ ಪ್ರಾಜೆಕ್ಟ್, ಇಂಟರ್ನ್‌ಶಿಪ್, ಪರಿಚಯದವರ ಅಂಗಡಿಗೆ ಎಕ್ಸೆಲ್‌ನಲ್ಲಿ ಲೆಕ್ಕ ಬರೆದುಕೊಟ್ಟಿದ್ದು, ಎಲ್ಲವೂ ನಡೆಯುತ್ತದೆ. ಏನು ಮಾಡಿದಿರಿ, ಅದರಿಂದ ಏನಾಯಿತು, ಅಷ್ಟು ಬರೆಯಿರಿ. 'ಯಾವ ಕೆಲಸವಾದರೂ ಸರಿ' ಅಂತ ಮಾತ್ರ ಬರೆಯಬೇಡಮ್ಮ. ವಿನಯ ಅಂತ ನೀನು ಅಂದುಕೊಂಡಿರುತ್ತೀಯ, ಆದರೆ ನಿನ್ನನ್ನು ಎಲ್ಲಿ ಹಾಕಬೇಕು ಅಂತ ಯೋಚಿಸುವ ಕೆಲಸ ಅವರ ತಲೆಗೆ ಬೀಳುತ್ತದೆ.

ಇನ್ನೊಬ್ಬರು: ಒಂದೇ ಪತ್ರವನ್ನು 40 ಕಂಪನಿಗೆ ಕಳಿಸಿದರೆ ಎಲ್ಲಾದರೂ ಒಂದು ತಗಲುವುದಿಲ್ವಾ?

ಉತ್ತರ: ಒಂದೇ ಅಚ್ಚಿನ ಪತ್ರ ಎರಡನೇ ಸಾಲಿಗೇ ಗೊತ್ತಾಗುತ್ತದೆ. ಅದರ ಬದಲು ಐದಾರು ಕಡೆಗೆ ಬೇರೆ ಬೇರೆಯಾಗಿ ಬರೆಯಿರಿ. ಎಐ ಕೈಲಿ ಬರೆಸಿದರೂ ಇದೇ ತೊಂದರೆ, ಕಂಪನಿಯ ಬಗ್ಗೆ ಅವರ ಸೈಟ್‌ನಲ್ಲಿರುವ ಹೊಗಳಿಕೆಯನ್ನೇ ಅವರಿಗೆ ತಿರುಗಿ ಒಪ್ಪಿಸುತ್ತದೆ.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಉತ್ತರ ಬರದಿದ್ದರೆ ಏನು ಮಾಡಲಿ? ಮತ್ತೆ ಈಗಿನ ಆಫೀಸಿಗೆ ಗೊತ್ತಾದರೆ ಅನ್ನೋ ಭಯನೂ ಇದೆ.

ಉತ್ತರ: ಒಂದು ವಾರ, ಹತ್ತು ದಿನ ಕಾದು ಅದೇ ಮೇಲ್‌ಗೆ ಎರಡು ಸಾಲಿನ ನೆನಪೋಲೆ ಹಾಕಿ. ಒಂದೇ ಸಲ. ಆಮೇಲೂ ಸುದ್ದಿ ಇಲ್ಲ ಅಂದರೆ ಬಿಟ್ಟುಬಿಡಿ. ಮುಂದೆ ಅಲ್ಲೇ ಹುದ್ದೆ ಪ್ರಕಟವಾದರೆ ಸಂಕೋಚವಿಲ್ಲದೆ ಅರ್ಜಿ ಹಾಕಿ, ಹಿಂದೆ ಬರೆದಿದ್ದೆ ಅಂತ ತಿಳಿಸಿ. ಆಫೀಸಿನ ಮೇಲ್, ಆಫೀಸಿನ ಲ್ಯಾಪ್‌ಟಾಪ್ ಎರಡೂ ಬಳಸಬೇಡಿ. "ಈಗಿನ ಕಂಪನಿಗೆ ಇನ್ನೂ ತಿಳಿಸಿಲ್ಲ, ದಯವಿಟ್ಟು ಅಲ್ಲಿ ವಿಚಾರಿಸಬೇಡಿ" ಅಂತ ಪತ್ರದಲ್ಲೇ ಒಂದು ಸಾಲು ಹಾಕಿ. ಹಾಗೆ ಕೇಳುವುದು ಮಾಮೂಲಿ, ಯಾರೂ ತಪ್ಪು ತಿಳಿಯುವುದಿಲ್ಲ.